ಎ ಎನ್ನುವವನ ಮನೆ ಎಲ್ಲಿದೆ?

ಮೊದಲ ವರ್ಷದ ಕಾನೂನು ವಿದ್ಯಾರ್ಥಿಗಳಿಗೆ ಸಲಹೆ ಕೊಡುವುದರಲ್ಲಿ ಒಂದು ಅಪಾಯವಿದೆ. ಅವರು ಕೇಳದಿದ್ದರೆ ಏನೂ ಆಗುವುದಿಲ್ಲ. ಕೇಳಿಬಿಟ್ಟರೆ ಏನು ಬೇಕಾದರೂ ಆಗಬಹುದು. ನನಗಂತೂ ಆಗುತ್ತಲೇ ಇರುತ್ತದೆ.

ಹಲಸೂರಿನ ಒಂದು ಕಾಲೇಜಿನಲ್ಲಿ ನಾನು ಕರಾರು ಕಾಯ್ದೆ ಕಲಿಸುತ್ತೇನೆ. ಓದಿದ್ದು ಕಂಟೋನ್ಮೆಂಟಿನ ಇಂಗ್ಲಿಷ್ ಶಾಲೆಯಲ್ಲಿ, ಬೆತ್ತದ ಕಾಲದಲ್ಲಿ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಆಧಾರವಿಲ್ಲದೆ ಒಂದು ಮಾತೂ ಆಡುವುದಿಲ್ಲ. ಇಂಥ ನನ್ನನ್ನು ಬಾಯಿ ಬಿಟ್ಟು ನಿಲ್ಲುವಂತೆ ಮಾಡಿದ್ದು ದೊಮ್ಮಲೂರಿನ ಒಬ್ಬ ಗೃಹಿಣಿ. ಮಗಳನ್ನು ಮದುವೆ ಮಾಡಿಕೊಟ್ಟ ಮೇಲೆ ಕಾನೂನು ಓದಲು ಬಂದವರು. ಇಡೀ ಕ್ಲಾಸು ಅವರನ್ನು ಅಕ್ಕ ಎನ್ನುತ್ತಿತ್ತು. ಅವರ ಅತ್ತೆ ಒಂದು ಷರತ್ತು ಹಾಕಿಯೇ ಕಳಿಸಿದ್ದರು: "ಒಂದ್ ವರ್ಷ ನೋಡ್ತೀನಿ. ಎಲ್ಲಾದ್ರಲ್ಲೂ ಪಾಸಾದ್ರೆ ಸರಿ. ಇಲ್ಲಾಂದ್ರೆ ಪುಸ್ತಕ ಅಟ್ಟಕ್ಕೆ, ನೀನು ಅಡುಗೆಮನೆಗೆ."

ಪೂಜೆಗೆ ಕೂತ ಕಾಯ್ದೆ

ಮೊದಲ ದಿನವೇ ಹೇಳಿದ್ದೆ: "ಗೈಡು ಮುಟ್ಟಬೇಡಿ. ಬೇರ್ ಆಕ್ಟ್ ಓದಿ." ಬೇರ್ ಆಕ್ಟ್ ಎಂದರೆ ವಿವರಣೆ, ವ್ಯಾಖ್ಯಾನ ಏನೂ ಇಲ್ಲದ ಮೂಲ ಕಾಯ್ದೆಯ ಪುಸ್ತಕ. "ಅದನ್ನು ಭಕ್ತಿಯಿಂದ ನೋಡಿಕೊಳ್ಳಿ" ಎಂದೂ ಸೇರಿಸಿದೆ. ಸೇರಿಸಬಾರದಿತ್ತು.

ದಸರಾ ರಜೆ ಮುಗಿದ ಬೆಳಿಗ್ಗೆಯೇ ಟೆಸ್ಟ್ ಇಟ್ಟೆ. ಎಲ್ಲರೂ ಪೆನ್ನು ಹಿಡಿದು ಸುಮ್ಮನೆ ಕೂತಿದ್ದರು. ಅಕ್ಕ ಎದ್ದು ನಿಂತರು.

"ಸಾರ್, ಸರಸ್ವತಿ ಪೂಜೆಗೆ ಬೇರ್ ಆಕ್ಟ್ ಇಟ್ಬಿಟ್ಟಿದ್ವಿ. ಪೂಜೆಗಿಟ್ಟ ಪುಸ್ತಕ ಎತ್ತೋವರೆಗೂ ಓದೋ ಹಾಗಿಲ್ಲವಲ್ಲ."

"ಇಡೀ ಕ್ಲಾಸು ಇಟ್ಟಿತ್ತಾ?"

"ಹೌದು ಸಾರ್. ನೀವೇ ಭಕ್ತಿ ಅಂದಿದ್ರಿ."

"ಹಾಗಾದರೆ ರಜೆಯಲ್ಲಿ ಏನೂ ಓದಲಿಲ್ಲ?"

"ಅಯ್ಯೋ, ಓದಿದ್ವಿ ಸಾರ್," ಅಕ್ಕನ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. "ಗೈಡ್ ಓದಿದ್ವಿ. ಗೈಡ್‌ಗೆ ಯಾರು ಪೂಜೆ ಮಾಡ್ತಾರೆ?"

ಅವರೆಕಾಯಿ ಮೊಕದ್ದಮೆ

ಬರೀ ಬೆಲೆ ಹೇಳಿದ ಮಾತ್ರಕ್ಕೆ ಮಾರುತ್ತೇನೆಂದು ಒಪ್ಪಿಕೊಂಡ ಹಾಗಲ್ಲ. ಇದನ್ನು ವಿವರಿಸಲು ನನ್ನದೇ ಅನುಭವ ಹೇಳಿದ್ದೆ. ಹಲಸೂರು ಮಾರ್ಕೆಟ್ಟಿನಲ್ಲಿ ಅವರೆಕಾಯಿಯ ಬೆಲೆ ಕೇಳಿದೆ, ವ್ಯಾಪಾರಿ ಹೇಳಿದ, "ಸರಿ, ಕೊಡಪ್ಪ" ಎಂದೆ. ಅವನು ಅಷ್ಟನ್ನೂ ಪಕ್ಕದ ಹೆಂಗಸಿನ ಚೀಲಕ್ಕೆ ಸುರಿದ. ಕಾನೂನಿನ ಪ್ರಕಾರ ನಾನು ಏನೂ ಮಾಡುವ ಹಾಗಿರಲಿಲ್ಲ.

ಮುಂದಿನ ಟೆಸ್ಟಿನ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ಸಹೋದ್ಯೋಗಿ ಸ್ಟಾಫ್ ರೂಮಿನಲ್ಲಿ ತಲೆ ಕೆರೆದುಕೊಂಡರು. "ಇದ್ಯಾವ ಕೇಸು ಮಾರಾಯ್ರೇ? 'ಉಪನ್ಯಾಸಕರು ವಿರುದ್ಧ ಅವರೆಕಾಯಿ ವ್ಯಾಪಾರಿ.' ಅರ್ಧ ಕ್ಲಾಸು ಬರೆದಿದೆ. ಎಲ್ಲಿ ಹುಡುಕಿದ್ರೂ ಸಿಗ್ತಿಲ್ಲ."

ನಾನು ಅಕ್ಕನ ಉತ್ತರ ಓದಿದೆ. "ಉಪನ್ಯಾಸಕರು ಬರಿಗೈಯಲ್ಲಿ ಮನೆಗೆ ಹೋದರು. ತೀರ್ಪು ನ್ಯಾಯವಾಗಿಯೇ ಇದೆ." ಕ್ಲಾಸಿನಲ್ಲಿ ಇಷ್ಟು ಗಮನವಿಟ್ಟು ಕೇಳುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

"ಮೇಲ್ಮನವಿ ಹೋಗಿತ್ತಾ?" ಸಹೋದ್ಯೋಗಿ ಕೇಳಿದರು.

"ಹೋಗಿತ್ತು. ನನ್ನ ಹೆಂಡತಿಯ ಮುಂದೆ. ಅಲ್ಲೂ ಸೋತೆ."

ಹೊಂದಿಕೊಂಡು ಹೋಗಲಿ

ಮೊದಲ ಸೆಮಿಸ್ಟರಿನಲ್ಲಿ ಅಕ್ಕ ಬೇರೆಲ್ಲ ವಿಷಯ ಪಾಸಾಗಿ, ನನ್ನದರಲ್ಲಿ ಮಾತ್ರ ಫೇಲಾದರು. ಏನು ಬರೆದಿರಿ ಎಂದು ಕೇಳಿದೆ.

ಕರಾರು ಕಾಯ್ದೆಯ ಸಮಸ್ಯೆಗಳಲ್ಲಿ ಯಾವಾಗಲೂ ಎ, ಬಿ ಎಂಬ ಇಬ್ಬರು ಜಗಳವಾಡುತ್ತಿರುತ್ತಾರೆ. ವಿದ್ಯಾರ್ಥಿ ಇಬ್ಬರ ವಾದವನ್ನೂ ಬರೆದು, ಕಾನೂನು ತೋರಿಸಿ, ತೀರ್ಪು ಕೊಡಬೇಕು. ಅಕ್ಕ ಎಲ್ಲ ಸಮಸ್ಯೆಗೂ ಒಂದೇ ಉತ್ತರ ಬರೆದಿದ್ದರಂತೆ: "ಎ ಮತ್ತು ಬಿ ಅಡ್ಜಸ್ಟ್ ಮಾಡಿಕೊಂಡು ಹೋಗುವುದು ಒಳ್ಳೆಯದು."

"ಕಾನೂನು ಎಲ್ಲಿ?" ನಾನು ಗದರಿದೆ.

"ಕೋರ್ಟಿಗೆ ಹೋಗಿ ಯಾರು ಉದ್ಧಾರ ಆಗಿದಾರೆ ಸಾರ್?" ಎಂದರು. ಮರುಗಳಿಗೆಯೇ ಕಣ್ಣಲ್ಲಿ ನೀರು. "ಈ ಪೇಪರ್ ಮತ್ತೆ ಹೋದ್ರೆ ಅತ್ತೆ ಬಿಡಿಸ್ಬಿಡ್ತಾರೆ. ನಮ್ಮನೆ ಜಮೀನಿನ ಕಾಗದ ಬಂದಾಗೆಲ್ಲ ಎಲ್ರೂ ಬೇರೆಯವರ ಮುಖ ನೋಡ್ತಾರೆ ಸಾರ್. ಒಬ್ಬರಿಗಾದ್ರೂ ಅರ್ಥ ಆಗ್ಲಿ ಅಂತ ಬಂದೆ."

ಗದರಿದ ದನಿಯನ್ನು ತಗ್ಗಿಸಿ ಹೇಳಿದೆ: "ಮನೆಯಲ್ಲಿ ಯಾರಾದರೂ ಎ ಪರ ನಿಲ್ಲಲಿ. ನೀವು ಬಿ ಪರ ವಾದ ಮಾಡಿ. ಆಮೇಲೆ ಅದಲುಬದಲು. ದಿನಾ ಮಾಡಿ."

ಮನೆಯಲ್ಲಿ ಹಗಲೆಲ್ಲ ಇರುತ್ತಿದ್ದವರು ಯಾರು ಎಂದು ನಾನು ಯೋಚಿಸಲಿಲ್ಲ.

ದೊಮ್ಮಲೂರು ಪೀಠ

ಅತ್ತೆ ಬಿ ಪಕ್ಷ ಹಿಡಿದರು, ಅದಲುಬದಲಿಗೆ ಒಪ್ಪಲಿಲ್ಲ. ಒಮ್ಮೆ ಹಿಡಿದ ಪಕ್ಷ ಬಿಡುವ ಜಾಯಮಾನದವರಲ್ಲ. ಎ ಎನ್ನುವವನ ಮೇಲಂತೂ ಅವರಿಗೆ ಮೊದಲಿನಿಂದಲೂ ಅನುಮಾನ.

"ಏನೇ, ಎಲ್ಲಾ ಕೇಸಲ್ಲೂ ಇವ್ನೇ ಇರ್ತಾನಲ್ಲ? ಮೊನ್ನೆ ಮನೆ ಮಾರಿ ಇಲ್ಲ ಅಂದ. ನಿನ್ನೆ ಕುದುರೆ ವಿಷಯದಲ್ಲಿ ಸುಳ್ಳು ಹೇಳ್ದ. ಇವತ್ತು ಹಸು ಕಳ್ಕೊಂಡವ್ನೆ. ಇವ್ನಿಗೆ ಮಾಡಕ್ಕೆ ಬೇರೆ ಕೆಲಸ ಇಲ್ವಾ?"

ಆ ಹಸುವಿನ ಸಮಸ್ಯೆ ಹೀಗೆ. ಎ ತನ್ನ ಹಸು ಕಳೆದುಕೊಂಡು, ಹುಡುಕಿ ಕೊಟ್ಟವರಿಗೆ ಬಹುಮಾನ ಎಂದು ಸಾರಿದ. ಅದು ಗೊತ್ತಿಲ್ಲದ ಬಿ ಹಸುವನ್ನು ತಂದು ಕಟ್ಟಿದ. ಅವನಿಗೆ ಬಹುಮಾನ ಸಿಗಬೇಕೇ? ಕಾಯ್ದೆಯ ಪ್ರಕಾರ ಇಲ್ಲ. ಗೊತ್ತೇ ಇಲ್ಲದ ಮಾತಿಗೆ ಒಪ್ಪಿಗೆ ಕೊಡುವುದು ಹೇಗೆ?

"ಹಸು ಹುಡುಕೋ ಕಷ್ಟ ಆ ಕಾಯ್ದೆ ಬರೆದೋನಿಗೇನು ಗೊತ್ತು!" ಅತ್ತೆ ಕೂಗಾಡಿದರಂತೆ. ಹೊಲ ಬಡಾವಣೆಗೆ ಹೋಗುವ ಮುಂಚೆ ಅವರ ಮನೆಯಲ್ಲೂ ಹಸುಗಳಿದ್ದವು. ಈಗ ಫ್ಲೈಓವರ್ ಇರುವ ಕಡೆಯೆಲ್ಲ ಅಲೆದು ಹುಡುಕಿದವರು. ಸೊಸೆ ಎ ಪರ ವಾದಿಸಿದಷ್ಟೂ ದಿನ ಅತ್ತೆ ಸೊಸೆಗೆ ಕಾಫಿ ಕೊಡಲಿಲ್ಲ. ಪಕ್ಕದ ಮನೆಯವರನ್ನು ಕರೆಸಿ ಪೂರ್ಣ ಪೀಠ ಕೂರಿಸಿದರು. ತೀರ್ಪು ಬಿ ಪರ, ಸರ್ವಾನುಮತ.

ಅಕ್ಕ ಇದನ್ನೆಲ್ಲ ಹೇಳಿದಾಗ "ಮತ್ತೆ ನೀವು?" ಎಂದೆ ಬೆರಗಾಗಿ.

"ಕಾಫಿ ಬಿಟ್ಟೆ ಸಾರ್. ವಾದ ಬಿಡ್ಲಿಲ್ಲ."

ಎ ಎನ್ನುವವನ ಮನೆ

ಮರುಪರೀಕ್ಷೆಯಲ್ಲಿ ಹಸುವೇ ಬಂತು. ಮುಗಿದ ಮೇಲೆ ನಾನೂ ಅಕ್ಕನ ಜೊತೆ ಹೊರಬಂದೆ. ಗೇಟಿನ ಹೊರಗೆ ಅತ್ತೆ ಬುತ್ತಿ ಹಿಡಿದು ಕಾಯುತ್ತಿದ್ದರು.

"ಏನ್ ಬರೆದೆ?"

"ಬಿಗೆ ಬಹುಮಾನ ಕೊಡಬೇಕಾಗಿಲ್ಲ ಅಂತ ಬರೆದೆ ಅತ್ತೆ. ನಿಮ್ಮ ವಾದಾನೂ ಪೂರ್ತಿ ಬರೆದಿದೀನಿ."

ಬುತ್ತಿ ಬ್ಯಾಗಿಗೆ ವಾಪಸ್ ಹೋಯಿತು. ಅತ್ತೆ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನಿಮಗೆ ಪುಣ್ಯ ಬರುತ್ತೆ, ಇವಳನ್ನ ಪಾಸ್ ಮಾಡ್ಬೇಡಿ."

ಅಕ್ಕ ಪಾಸಾದರು. ಫಲಿತಾಂಶ ಬಂದ ಮೇಲೆ ಅತ್ತೆ ಸೊಸೆ ಇಬ್ಬರೂ ಕಾಲೇಜಿಗೆ ಬಂದಾಗ ಅಕ್ಕನ ಮುಖ ಬಿಳಿಚಿಕೊಂಡಿತ್ತು. ಪಾಸಾದರೂ ಬಿಡಿಸುತ್ತಾರೆ, ಮುಗಿಯಿತು ಎಂದುಕೊಂಡೆ. ಅತ್ತೆ ಕುರ್ಚಿಯಲ್ಲಿ ಸರಿಯಾಗಿ ಕೂತು ಸೆರಗು ಹೊದ್ದುಕೊಂಡರು.

"ಮುಂದಿನ ವರ್ಷಕ್ಕೆ ಸೇರಿಸ್ಕೊಳ್ಳಿ ಮೇಷ್ಟ್ರೇ. ಅದರ ಮುಂದಿನ ವರ್ಷಕ್ಕೂ. ಇವಳು ಬೇಗ ಲಾಯರ್ ಆಗ್ಬೇಕು."

ಅಕ್ಕ ಅತ್ತೆಯ ಕೈ ಹಿಡಿದುಕೊಂಡರು.

"ಪಾಪ, ಬಿ ಬಡವ," ಅತ್ತೆ ಮುಂದುವರಿಸಿದರು. "ಅವನ ಪರ ಮೊದಲ್ನೇ ಕೇಸು ಇವಳೇ ಹಾಕ್ಬೇಕು. ಅದೊಂದೇ ನನ್ನ ಷರತ್ತು. ನೋಟಿಸ್ ಕಳಿಸ್ಬೇಕಲ್ಲ, ಆ ಎ ಅನ್ನೋನ ಮನೆ ಎಲ್ಲಿದೆ, ಹೇಳಿ."

ಎ ಎಂಬವನು ಇಲ್ಲವೇ ಇಲ್ಲ ಎನ್ನಲು ಬಾಯಿ ತೆರೆದೆ. ಅತ್ತೆಯ ಹಿಂದೆ ನಿಂತಿದ್ದ ಅಕ್ಕ ಬೇಡ ಬೇಡ ಎಂದು ತಲೆಯಾಡಿಸಿದರು. ಷರತ್ತು ಬಿದ್ದುಹೋದರೆ ಓದೂ ಬಿದ್ದುಹೋಗುತ್ತದೆ. ವೃತ್ತಿಯಲ್ಲಿ ಮೊದಲ ಸಲ, ಯಾವ ಆಧಾರವೂ ಇಲ್ಲದೆ, ದೊಮ್ಮಲೂರಿನ ಪಕ್ಕದ ಶ್ರೀಮಂತ ಬಡಾವಣೆಯ ಹೆಸರು ಹೇಳಿದೆ:

"ಇಂದಿರಾನಗರ."

"ಅಂದ್ಕೊಂಡೆ," ಎಂದರು ಅತ್ತೆ, ಎದ್ದು ನಿಲ್ಲುತ್ತಾ. "ನಮ್ಮ ಹೊಲದಲ್ಲೇ ಮನೆ ಕಟ್ಕೊಂಡವ್ನೆ."