ಮುನಿಯಪ್ಪನವರ ಪಂಪಿಗೆ ಸನ್ಮಾನ

ಮಾತಿನಲ್ಲಿ ನನ್ನನ್ನು ಮೀರಿಸುವವರು ಯಶವಂತಪುರದಲ್ಲೇ ಇಲ್ಲ ಎಂದು ನಾನು ನಂಬಿದ್ದ ಕಾಲವದು. ತೋಟಗಳಿಗೆ ಒಂದೊಂದಾಗಿ ಕರೆಂಟು ಬರುತ್ತಿತ್ತು. ನಾನು ಪಂಪ್‌ಸೆಟ್ ಅಂಗಡಿಯ ಸೇಲ್ಸ್‌ಮನ್. ಆದರೆ ನಿಜ ಹೇಳಬೇಕೆಂದರೆ, ನಮ್ಮ ಪಂಪುಗಳನ್ನು ಮಾರುತ್ತಿದ್ದವರು ತಣಿಸಂದ್ರದ ಮುನಿಯಪ್ಪನವರು. ಅವರು ನಮ್ಮ ಗಿರಾಕಿ, ಅಷ್ಟೇ. ಭಾನುವಾರ ಯಾರನ್ನಾದರೂ ಅವರ ಬಾವಿಯ ಹತ್ತಿರ ಕರೆದುಕೊಂಡು ಹೋದರೆ, ಮಜ್ಜಿಗೆ ಕೊಟ್ಟು, ಸ್ವಿಚ್ ಹಾಕಿ, "ಮೂರು ವರ್ಸ ಆಯ್ತು, ಒಂದಿನಾನೂ ನಿಂತಿಲ್ಲ" ಎನ್ನುತ್ತಿದ್ದರು. ಹೋದವರು ಸೋಮವಾರ ಅಂಗಡಿಗೆ ಬರುತ್ತಿದ್ದರು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ!

ದೊಡ್ಡ ತೋಟಗಳ ಯಜಮಾನರನ್ನೆಲ್ಲ ಯಲಹಂಕದ ಒಂದು ಛತ್ರಕ್ಕೆ ಕರೆದು, ಉಪ್ಪಿಟ್ಟು ಕಾಫಿ ಕೊಟ್ಟು, ಮುನಿಯಪ್ಪನವರಿಂದ ನಾಲ್ಕು ಮಾತಾಡಿಸುವ ಘನ ಯೋಜನೆಯನ್ನು ಅಂಗಡಿಯ ಮಾಲೀಕರ ಮುಂದಿಟ್ಟೆ. ಅವರು ಒಪ್ಪಿದರು. ಆಮೇಲೆ ಇನ್ನೊಂದು ಹೊಳೆಯಿತು. ಮಾತಿನ ಜೊತೆ ಅವರ ಬಾವಿಯ ಪಂಪೇ ವೇದಿಕೆಯ ಮೇಲಿದ್ದರೆ?

"ಅಂಗಡೀಲಿ ಹೊಸ ಪಂಪಿಲ್ವೇನ್ರೀ? ಅವರದನ್ನ ಯಾಕೆ ಕೀಳ್ತೀರಾ?" ಎಂದಳು ಹೆಂಡತಿ ಶಾರದೆ.

"ನಿನಗೆ ವ್ಯಾಪಾರ ತಿಳಿಯಲ್ಲ ಕಣೇ. ದುಡಿದ ಪಂಪಿಗಿರೋ ತೂಕ ಹೊಸದಕ್ಕೆಲ್ಲಿ?"

ಮುನಿಯಪ್ಪನವರೂ ತಲೆ ಕೆರೆದುಕೊಂಡರು. "ಊಕೋಸು ಸಸಿ ನಾಟಿ ಆಕಿ ನಾಕು ದಿನ ಆಗೈತೆ ಸ್ವಾಮಿ. ನೀರು ತಪ್ಪಂಗಿಲ್ಲ."

"ಒಂದೇ ದಿನ! ಬೆಳಗ್ಗೆ ಬಿಚ್ಚಿ ಸಂಜೆ ಕೂರಿಸ್ಬಿಡ್ತೀನಿ."

ಅವರು ನನ್ನ ಮಾತು ನಂಬಿದರು.

ಬಿಚ್ಚಿ ತಂದು ನೋಡಿದರೆ ಪಂಪಿನ ಮೈತುಂಬ ಕೆಸರು, ತುಕ್ಕು. ಯಜಮಾನರ ಮುಂದೆ ಇದನ್ನಿಡುವುದೇ? ಹಸಿರು ಬಣ್ಣ ಬಳಿಸಿದೆ. ಬಣ್ಣ ಒಣಗಲಿಲ್ಲ. ಸಮಾರಂಭವನ್ನು ಎರಡು ದಿನ ಮುಂದಕ್ಕೆ ಹಾಕಿಸಿದೆ. ಅಷ್ಟರಲ್ಲಿ ಅಧ್ಯಕ್ಷತೆ ವಹಿಸಬೇಕಿದ್ದವರಿಗೆ ಯಾವುದೋ ಮದುವೆ ಬಂತು. ಒಂದು ದಿನ ಐದಾಯಿತು!

ಕಡೆಗೂ ಪಂಪಿಗೆ ಚೆಂಡುಹೂವಿನ ಹಾರ ಬಿತ್ತು. ಮುನಿಯಪ್ಪನವರ ಕೈಗೆ ನಾನೇ ಬರೆದ ಭಾಷಣದ ಹಾಳೆ ಕೊಟ್ಟೆ: "ಸದರಿ ಯಂತ್ರವು ತನ್ನ ಅವಿರತ ಸೇವೆಯಿಂದ ನನ್ನ ಬಾಳನ್ನು ಬೆಳಗಿಸಿದೆ." ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದು ನಿಂತರು.

"ಒಳ್ಳೆ ಪಂಪು. ಮೂರು ವರ್ಸ ಒಂದಿನಾನೂ ನಿಂತಿರ್ನಿಲ್ಲ. ಇದು ನಿಲ್ಲಾಕಿಲ್ಲ ಅಂತ ನಿಮಗೆಲ್ಲ ಏಳಾಕೆ ಈ ಸ್ವಾಮೇರು ಬಿಚ್ಕಂಡ್ ಬಂದ್ರಲ್ಲ, ಆವತ್ತಿಂದ ನಿಂತೈತೆ."

ಇಡೀ ಛತ್ರ ನಕ್ಕಿತು. ಮಾಲೀಕರು ನಗಲಿಲ್ಲ. ಮುನಿಯಪ್ಪನವರೂ ನಗಲಿಲ್ಲ.

ಅದೇ ಸಂಜೆ ಪಂಪು ಕೂರಿಸಲು ಹೋದೆ. ಮನೆಯವರೆಲ್ಲ ಬಿಂದಿಗೆಯಲ್ಲಿ ನೀರು ಹೊತ್ತು ಎರಡು ಸಾಲು ಉಳಿಸಿಕೊಂಡಿದ್ದರು. ಮಿಕ್ಕ ಸಸಿಗಳೆಲ್ಲ ಒಣಗಿ ಮಲಗಿದ್ದವು. "ತಪ್ಪಾಯ್ತು" ಎಂದೆ. ಅವರು ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು. ಮಜ್ಜಿಗೆ ಕೊಟ್ಟರು!

ಮುಂದಿನ ಭಾನುವಾರ, ಮಾನ ಬಿಟ್ಟು, ಬಾಗಲಗುಂಟೆಯ ರೈತರೊಬ್ಬರನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಮುನಿಯಪ್ಪನವರು ಎಂದಿನಂತೆ ಸ್ವಿಚ್ ಹಾಕಿದರು. ನೀರು ಧುಮುಕಿತು.

"ಪಂಪು ಎಂಗೈತೆ?" ಎಂದು ಕೇಳಿದರು ಬಂದವರು.

"ಬಂಗಾರ. ತಗಳಿ." ಆಮೇಲೆ ನನ್ನ ಕಡೆ ನೋಡಿ, ಕೋಪವಿಲ್ಲದೆ ಹೇಳಿದರು, "ಇವರ ಮಾತು ಮಾತ್ರ ನಂಬಬ್ಯಾಡಿ."

ಸೋಮವಾರ ಆ ರೈತರು ಅಂಗಡಿಗೆ ಬಂದರು. ನಾನು ಎದ್ದು ಕೈಮುಗಿದೆ. ಅವರು ನನ್ನನ್ನು ದಾಟಿ, ನೇರವಾಗಿ ಮಾಲೀಕರ ಹತ್ತಿರ ಹೋಗಿ ಪಂಪು ಕೊಂಡರು.

ಮುನಿಯಪ್ಪನವರ ಮಾತನ್ನು ಜನ ಎಷ್ಟು ನಂಬುತ್ತಾರೆ ಎಂಬುದು ನನಗೆ ಮೊದಲೇ ಗೊತ್ತಿತ್ತಲ್ಲ!