ರ ಒತ್ತಿಲ್ಲದ ಕರಪತ್ರ

ಮನುಷ್ಯನಾಗಿ ಹುಟ್ಟಿದ ಮೇಲೆ ಒಂದಲ್ಲ ಒಂದು ಹುಚ್ಚು ಅಂಟಿಕೊಳ್ಳದೆ ಬಿಡುವುದಿಲ್ಲ. ಕೆಲವರಿಗೆ ಇಸ್ಪೀಟು, ಕೆಲವರಿಗೆ ನಶ್ಯ, ಇನ್ನು ಕೆಲವರಿಗೆ ಊರವರ ಮಕ್ಕಳಿಗೆಲ್ಲ ಗಂಡು ಹೆಣ್ಣು ಹುಡುಕುವುದು. ನನಗಿದ್ದದ್ದು ಕರಪತ್ರ ಬರೆಯುವ ಹುಚ್ಚು. ಆಗ ನಾನು ಕೊಳ್ಳೇಗಾಲದ ಎಲಿಮೆಂಟರಿ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ನಮ್ಮ ತಾಲ್ಲೂಕು ಮದರಾಸಿಗೆ ಸೇರಿತ್ತು. ಹತ್ತು ಮೈಲಿ ಆಚೆಯ ಯಳಂದೂರು ಮೈಸೂರಿಗೆ ಸೇರಿತ್ತು. ಮೇಲಿನ ಕಚೇರಿಗಳಿಂದ ನಮಗೆ ಬರುತ್ತಿದ್ದ ಕಾಗದಗಳೆಲ್ಲ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇರುತ್ತಿದ್ದುದರಿಂದ ಕನ್ನಡ ಮೇಷ್ಟ್ರಿಗೆ ಬಿಡುವು ಧಾರಾಳವಾಗಿತ್ತು. ಆ ಬಿಡುವಿನಲ್ಲಿ ಊರಿಗೆ ಬಂದು ಬೀಡುಬಿಡುತ್ತಿದ್ದ ನಾಟಕ ಕಂಪನಿಗಳಿಗೆ ಕರಪತ್ರ ಬರೆದುಕೊಡುತ್ತಿದ್ದೆ. ನನ್ನ ಕೈಗೆ ಸಿಕ್ಕಿದ ಯಾವ ವಾಕ್ಯವೂ ಆಶ್ಚರ್ಯಸೂಚಕ ಚಿಹ್ನೆಯಿಲ್ಲದೆ ಮುಗಿಯುತ್ತಿರಲಿಲ್ಲ. ಅಂಗಡಿಯಿಂದ ಉಪ್ಪು ತರುವುದಕ್ಕೆ ಚೀಟಿ ಬರೆದರೂ ನಾನು ‘ಬನ್ನಿರಿ, ನೋಡಿರಿ’ ಎಂದೇ ಶುರುಮಾಡುತ್ತೇನೆಂದು ನನ್ನ ಹೆಂಡತಿ ಗೌರಮ್ಮ ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು. ನಾನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಬಿಳಿಯ ನಿಲುವಂಗಿ ತೊಟ್ಟ ಪಾದ್ರಿಯೊಬ್ಬರು ಸೈಕಲ್ಲಿನಿಂದ ನಮ್ಮ ಮನೆಯ ಮುಂದೆ ಇಳಿದರು. ಹನೂರಿನ ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲಿ ಒಳಗೆ ನಡೆದರೆ ಅವರ ಚರ್ಚು. ಅಲ್ಲಿ ತಮಿಳು ಮಾತಾಡುವ ಮೂವತ್ತು ನಲವತ್ತು ಕ್ರೈಸ್ತ ಒಕ್ಕಲುಗಳಿದ್ದವು. ಸುತ್ತಲಿನ ಹಳ್ಳಿಗಳೆಲ್ಲ ಕನ್ನಡದವು. ಫಾದರ್ ಮಂಗಳೂರು ಕಡೆಯವರು. ಅವರ ಕನ್ನಡ ಅಚ್ಚಾದ ಪುಸ್ತಕದಂತೆ ಇಸ್ತ್ರಿ ಮಾಡಿ ಮಡಿಸಿಟ್ಟದ್ದು. ತಮಿಳರಿಗೆ ಅದು ಕನ್ನಡವಾದ್ದರಿಂದ ತಿಳಿಯುತ್ತಿರಲಿಲ್ಲ, ಕನ್ನಡಿಗರಿಗೆ ಅದು ಕನ್ನಡವೇ ಹೌದೋ ಅಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಅವರು ಬಂದ ಕೆಲಸವನ್ನು ಮಾತ್ರ ನೇರವಾಗಿ ಹೇಳಿದರು. ಚರ್ಚಿನ ಆವರಣದೊಳಗೆ ಇಬ್ಬರು ಸಿಸ್ಟರುಗಳು ಒಂದು ಸಣ್ಣ ಔಷಧಾಲಯ ನಡೆಸುತ್ತಿದ್ದರು. ಸುತ್ತಲಿನ ಹಳ್ಳಿಯವರು ಯಾರೂ ಗೇಟು ದಾಟಿ ಒಳಗೆ ಬರುತ್ತಿರಲಿಲ್ಲ. ಒಳಗೆ ಹೋದವರ ತಲೆಯ ಮೇಲೆ ನೀರು ಚಿಮುಕಿಸುತ್ತಾರೆ, ಅದು ಮೈಗೆ ಬಿದ್ದರೆ ಮನೆದೇವರ ಹೆಸರು ಮರೆತುಹೋಗುತ್ತದೆ ಎಂದು ಒಂದು ಸುದ್ದಿ ಹಬ್ಬಿತ್ತು. ಹೋದ ಮಳೆಗಾಲದಲ್ಲಿ ಹೆರಿಗೆಗೆ ಕಷ್ಟವಾಗಿದ್ದ ಹೆಂಗಸೊಬ್ಬಳನ್ನು ಗಾಡಿಯಲ್ಲಿ ಗೇಟಿನವರೆಗೆ ತಂದು, ಹಿರಿಯರು ಬೇಡವೆಂದದ್ದಕ್ಕೆ ಗಾಡಿ ತಿರುಗಿಸಿಕೊಂಡು ಹೋಗಿದ್ದರಂತೆ. ಊರು ಸೇರುವ ಮೊದಲೇ ಅವಳು ತೀರಿಕೊಂಡಳು. ಸಿಸ್ಟರುಗಳು ಗೇಟಿನಲ್ಲಿ ನಿಂತು ನೋಡುತ್ತಲೇ ಇದ್ದರು.

ಇದನ್ನು ಹೇಳುವಾಗ ಫಾದರ್ ತಲೆ ತಗ್ಗಿಸಿ ಕಾಫಿ ಲೋಟವನ್ನೇ ನೋಡುತ್ತಿದ್ದರು. ಕ್ರಿಸ್ಮಸ್ ಹಬ್ಬ ಕಳೆದ ಮೇಲಿನ ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಕರೆದು ಏಸುವಿನ ಜನನದ ಕಥೆ ಹೇಳಬೇಕು, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ, ಜನ ಒಂದು ಸಲ ಗೇಟು ದಾಟಿ ಬಂದು ಹೋದರೆ ಸಾಕು ಎಂಬುದು ಅವರ ಆಸೆ. ಅದಕ್ಕೊಂದು ಕರಪತ್ರ ಬೇಕು. ನಾನು ಒಪ್ಪಿಕೊಂಡೆ. ಒಪ್ಪಿದ್ದಕ್ಕೆ ಪರೋಪಕಾರ ಅರ್ಧ ಕಾರಣ. ಇನ್ನರ್ಧ ಕಾರಣವೆಂದರೆ, ಆ ಗೇಟಿನೊಳಗೆ ಏನಿದೆಯೆಂದು ತಿಳಿಯುವ ಕುತೂಹಲ ಎಷ್ಟೋ ವರ್ಷದಿಂದ ನನ್ನನ್ನು ಕಾಡುತ್ತಿತ್ತು. ನೀರಿನ ಸುದ್ದಿಯನ್ನು ಕೇಳಿ ನಾನೂ ನಕ್ಕಿದ್ದೆ. ಆದರೆ ಫಾದರ್ ಹೋದ ಮೇಲೆ ನಮ್ಮ ಮನೆದೇವರಾದ ಮಲೆಯ ಮಾದೇಶ್ವರನ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ, ಇನ್ನೂ ನೆನಪಿದೆಯೆಂದು ಖಾತ್ರಿ ಮಾಡಿಕೊಂಡೆ ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಎರಡು ದಿನ ಕೂತು ಒಂದು ಭವ್ಯವಾದ ಕರಪತ್ರ ಬರೆದೆ. ‘ಪ್ರಭು ಯೇಸುಕ್ರಿಸ್ತನ ಪವಿತ್ರ ಚರಿತ್ರೆಯ ಶ್ರವಣಕ್ಕಾಗಿ ಸರ್ವ ಪ್ರೇಕ್ಷಕರಿಗೂ ಪ್ರೇಮಪೂರ್ವಕ ಪ್ರಾರ್ಥನೆ’ ಎಂದು ಅದು ಶುರುವಾಗುತ್ತಿತ್ತು. ಅದನ್ನು ಹಿಡಿದುಕೊಂಡು ಪೇಟೆಯ ಅಚ್ಚುಕೂಟಕ್ಕೆ ಹೋದೆ. ಅದರ ಮಾಲೀಕ, ಅಕ್ಷರದ ಮೊಳೆ ಜೋಡಿಸುವವ, ಯಂತ್ರ ತುಳಿಯುವವ ಎಲ್ಲವೂ ಸುಬ್ಬಣ್ಣ ಒಬ್ಬನೇ. ಅವನು ನನ್ನ ಬರಹವನ್ನು ಒಂದು ಸಲ ಓದಿ, ಇನ್ನೊಂದು ಸಲ ಬೆರಳಿಟ್ಟು ಏನನ್ನೋ ಎಣಿಸಿ, ಕನ್ನಡಕ ತೆಗೆದ.

“ಆಗಾಕಿಲ್ಲ ಮೇಷ್ಟ್ರೇ. ನನ್ ತಾವ ರ ಒತ್ತು ಆರೇ ಇರೋದು. ನೀವು ಮೊದಲ್ನೇ ಸಾಲಲ್ಲೇ ಅಷ್ಟೂ ಮುಗ್ಸಿಬುಟ್ಟಿದ್ದೀರಿ” ಎಂದ.

ಉಳಿದ ರ ಒತ್ತುಗಳು ಸವೆದು ಹೋಗಿದ್ದವಂತೆ; ಹೊಸ ಮೊಳೆ ಮದರಾಸಿನಿಂದ ಬರಬೇಕು, ಅದಕ್ಕೆ ಯುಗಾದಿಯಾಗುತ್ತದೆ. ಕ್ರೈಸ್ತ ಮತದಲ್ಲಿ ಇಷ್ಟೊಂದು ರ ಒತ್ತುಗಳಿವೆಯೆಂಬುದು ನನಗೆ ಗೊತ್ತಾದದ್ದು ಆಗಲೇ. ಕ್ರಿಸ್ತ, ಕ್ರಿಸ್ಮಸ್, ಪ್ರಭು, ಪವಿತ್ರ, ಪ್ರೇಮ, ಪ್ರಾರ್ಥನೆ, ಪಾದ್ರಿ! ‘ಚರ್ಚು’ ಎಂಬ ಮಾತಿನಲ್ಲಾದರೂ ರ ಒತ್ತಿಲ್ಲವೆಂದು ನೆಮ್ಮದಿಪಟ್ಟರೆ, ಅದರಲ್ಲಿ ಅರ್ಕಾವೊತ್ತು ಇತ್ತು. ಅದೂ ಅವನಲ್ಲಿ ಎರಡೇ. ಅಚ್ಚುಕೂಟದ ಬೆಂಚಿನ ಮೇಲೆ ಕೂತು ನನ್ನ ಭವ್ಯ ಗದ್ಯವನ್ನು ನಾನೇ ಕತ್ತರಿಸಿದೆ. ಪ್ರಭು ಒಡೆಯನಾದ, ಪ್ರೇಮ ಅಕ್ಕರೆಯಾಯಿತು, ಚರಿತ್ರೆ ಕತೆಯಾಯಿತು. ಕೊನೆಗೆ ಒಡೆಯನೂ ಅಕ್ಕರೆಯೂ ಬಿದ್ದುಹೋದವು. ‘ಏಸು ಹುಟ್ಟಿದ ಕತೆ ಹೇಳುತ್ತೇವೆ. ಎಲ್ಲರೂ ಬನ್ನಿ. ಬಂದವರು ಬಂದ ಹಾಗೇ ಮನೆಗೆ ಹೋಗಬಹುದು’ ಎಂಬ ಮೂರು ಸಾಲು ಉಳಿದವು. ಬರೆದವನು ನಾನೆಂದು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಬೋಳಾಗಿತ್ತು.

ಮೇಲೊಂದು ಚಿತ್ರ ಬೇಡವೇ? ಸುಬ್ಬಣ್ಣನಲ್ಲಿ ಗಣಪತಿಯ ಅಚ್ಚಿತ್ತು, ಕಮಲವಿತ್ತು, ಮದುವೆ ಪತ್ರಿಕೆಗೆ ಹಾಕುವ ಜೋಡಿ ಗಿಳಿಗಳಿದ್ದವು. ಶಿಲುಬೆ ಇರಲಿಲ್ಲ. ಅದು ಲೆಕ್ಕದ ಕೂಡುವ ಗುರುತಿನ ಹಾಗಿರುತ್ತದೆಯೇ ಎಂದು ಕೇಳಿದ. ಕೆಳಗಿನ ಕಾಲು ಉದ್ದವೆಂದು ನಾನು ಹೇಳಿದೆ. ಗೆರೆ ಮೂಡಿಸುವ ಎರಡು ಹಿತ್ತಾಳೆ ಪಟ್ಟಿಗಳನ್ನು ಕತ್ತರಿಸಿ ಅವನೇ ಒಂದು ಶಿಲುಬೆ ಕೂಡಿಸಿದ. ಬೆಳಕಿಗೆ ಹಿಡಿದು ನೋಡಿ ಅವನಿಗೇ ಖುಷಿಯಾಯಿತು. ಶ್ರೀಗೆ ತನ್ನಲ್ಲಿ ಪ್ರತ್ಯೇಕ ಮೊಳೆಯೇ ಇದೆ, ಶಿಲುಬೆಯ ಮೇಲೆ ಅದನ್ನೂ ಒಂದು ಹಾಕಲೇ ಎಂದು ಕೇಳಿದ, ಬೇಡವೆಂದೆ. ಕಾಗದಕ್ಕೆ ಆಗ ಸರ್ಕಾರದ ಕಂಟ್ರೋಲು, ಬೇಕಾದಷ್ಟು ಸಿಗುತ್ತಿರಲಿಲ್ಲ. ನಾಟಕ ಕಂಪನಿಯೊಂದು ಬಿಟ್ಟುಹೋಗಿದ್ದ ಗುಲಾಬಿ ಕಾಗದದ ಕಟ್ಟೊಂದು ಮೂಲೆಯಲ್ಲಿತ್ತು, ಅದರ ಮೇಲೇ ಅಚ್ಚಾಯಿತು. ಫಾದರ್ ಅದನ್ನು ಓದಿ, ಇಷ್ಟು ಸರಳವಾದ ಕನ್ನಡವನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ನನ್ನ ಕೈ ಹಿಡಿದುಕೊಂಡರು. ಬೇಕೆಂದೇ ಹಾಗೆ ಬರೆದೆ ಎಂದೆ. ಚರ್ಚಿನ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುತ್ತಿದ್ದ ಉಪದೇಶಿ ಸವರಿಯಪ್ಪನೆಂಬ ಮುದುಕ ಕಟ್ಟನ್ನು ಹೆಗಲ ಮೇಲೆ ಹೊತ್ತುಕೊಂಡು ದಿನ, ಜಾಗವನ್ನಷ್ಟೇ ಬಾಯಲ್ಲಿ ಹೇಳುತ್ತ ಹನೂರಿನ ಸಂತೆಯಲ್ಲೂ ಊರೂರಲ್ಲೂ ಹಂಚಲು ಹೊರಟ.

ಆ ಭಾನುವಾರ ನಾನು ಬಸ್ಸಿಳಿದು ನಡೆದು ಹೋಗುವಾಗ ನನ್ನ ಮುಂದೆ ಹನ್ನೆರಡು ಗಾಡಿಗಳಿದ್ದವು. ಹಿಂದೆ ನೋಡಿದರೆ ಇನ್ನೂ ಬರುತ್ತಿದ್ದವು. ಚಾಪೆ, ಬುತ್ತಿ, ಕೈಕೂಸು, ಎಲೆಯಡಿಕೆ ಚೀಲಗಳೊಂದಿಗೆ ಜನ ಗೇಟು ದಾಟಿ ಒಳಗೆ ಹೋಗಿ, ಚರ್ಚಿನ ಮುಂದಿನ ಬಯಲಿನಲ್ಲಿ ಜಾಗ ಹಿಡಿಯುತ್ತಿದ್ದರು. ಮೂರು ಸಾಲಿಗೆ ಇಂಥ ಶಕ್ತಿಯಿದ್ದರೆ ಮೂವತ್ತು ಸಾಲಿಗೆ ಎಷ್ಟಿರಬಹುದೆಂದು ನಾನು ಮನಸ್ಸಿನಲ್ಲೇ ಗುಣಿಸುತ್ತ ನಡೆದೆ. ಫಾದರ್ ಮೆಟ್ಟಿಲ ಮೇಲೆ ಬೆರಗಾಗಿ ನಿಂತಿದ್ದರು. ಅಷ್ಟರಲ್ಲಿ ಮಧುವನಹಳ್ಳಿಯ ಪುಟ್ಟಮಾದಪ್ಪ ಎಂಬ ದೊಡ್ಡ ಪೇಟದ ಗೌಡರು ನನ್ನ ಗುರುತು ಹಿಡಿದು ಹತ್ತಿರ ಬಂದು, ಪರದೆ ಯಾವ ಕಡೆ ಕಟ್ಟುತ್ತಾರೆ, ಹೆಣ್ಣುಮಕ್ಕಳನ್ನು ಆ ಕಡೆಗೇ ಕೂರಿಸೋಣವೆಂದು ಕೇಳಿದರು.

ಯಾವ ಪರದೆ ಎಂದೆ.

“ನಾಟಕದ್ದು ಸಾ. ಬಣ್ಣ ಅಚ್ಕೊಳೋರೂ ಒಬ್ರೂ ಕಾಣಾಕಿಲ್ವಲ್ಲ” ಎಂದರು.

ಕರಪತ್ರದಲ್ಲಿ ನಾಟಕವೆಂಬ ಮಾತೇ ಇಲ್ಲವಲ್ಲ ಎಂದು ನಾನು ಬೆವರುತ್ತ ಹೇಳಿದೆ. ಅವರು ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ನನ್ನ ಕರಪತ್ರವನ್ನೇ ತೆಗೆದರು. ಅದರೊಳಗೆ ಹೊಗೆಸೊಪ್ಪಿತ್ತು.

“ಓದಾಕೆ ನಮ್ಗೆಲ್ ಬತ್ತದೆ ಸಾ? ಗುಲಾಬಿ ಕಾಗ್ದ ಬಂತು ಅಂದ್ರೆ ನಾಟ್ಕ ಬಂತು ಅಂತ್ಲೇಯ. ಎತ್ತು ಕಟ್ದೋ, ಬಂದೋ.”

ಈ ಮಾತನ್ನು ಫಾದರಿಗೆ ಹೇಳಬೇಕಾದವನು ನಾನೇ. ಹೇಳಿದೆ. ಅವರ ಮುಖ ನಿಲುವಂಗಿಯಷ್ಟೇ ಬಿಳಿಯಾಯಿತು. ಮೋಸ ಮಾಡಿ ಒಳಗೆ ಕರೆಸಿಕೊಂಡರೆಂಬ ಮಾತು ಹುಟ್ಟಿಬಿಟ್ಟರೆ ಇನ್ನು ಈ ಗೇಟನ್ನು ಯಾರೂ ಯಾವತ್ತೂ ದಾಟುವುದಿಲ್ಲವೆಂಬುದು ಅವರಿಗೂ ತಿಳಿಯಿತು, ನನಗೂ ತಿಳಿಯಿತು. ಅವರು ಧೈರ್ಯ ಮಾಡಿ ಮುಂದೆ ಹೋಗಿ, ‘ಪ್ರಿಯ ಬಾಂಧವರೇ’ ಎಂದು ತಮ್ಮ ಇಸ್ತ್ರಿ ಕನ್ನಡದಲ್ಲಿ ಮಾತು ಶುರುಮಾಡಿದರು. ಎರಡು ನಿಮಿಷಕ್ಕೆ ಮಕ್ಕಳು ಅತ್ತವು. ಐದು ನಿಮಿಷಕ್ಕೆ ಹಿಂದಿನ ಸಾಲಿನವರು ಎದ್ದು ಎತ್ತುಗಳ ಕಡೆ ನೋಡತೊಡಗಿದರು.

ಆಗ ಸವರಿಯಪ್ಪ ಎದ್ದು ಬಂದ. ಅವನಿಗೆ ತಮಿಳು ಮನೆಮಾತು, ಆದರೆ ಹುಟ್ಟಿ ಬೆಳೆದದ್ದೆಲ್ಲ ಈ ಸೀಮೆಯಲ್ಲೇ. ಫಾದರಿಗೆ ಕೈಮುಗಿದು ಅವರನ್ನು ಪಕ್ಕಕ್ಕೆ ಕೂರಿಸಿ, ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಬಿಗಿದು, ಎಲ್ಲರ ನಡುವೆ ಹೋಗಿ ನಿಂತುಕೊಂಡ. ನಾಟಕ ಇಲ್ಲವೆಂದು ಮೊದಲು ಹೇಳಿಬಿಟ್ಟ. ಕಾಗದದ ಬಣ್ಣದಿಂದ ತಪ್ಪಾಯಿತು, ಕತೆ ಮಾತ್ರ ಇದೆ, ಬೇಕಾದವರು ಕೂರಿ, ಬೇಡದವರು ಹೋದರೆ ಬೇಜಾರಿಲ್ಲವೆಂದ. ಬುತ್ತಿ ಬಿಚ್ಚಿ ಆಗಿದ್ದುದರಿಂದ ಯಾರೂ ಏಳಲಿಲ್ಲ.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ ಎಂದು ಅವನು ಶುರುಮಾಡಿದ. ಸರ್ಕಾರದವರು ಎಲ್ಲರೂ ತಂತಮ್ಮ ಊರಿಗೆ ಹೋಗಿ ಹೆಸರು ಬರೆಸಬೇಕೆಂದು ಹುಕುಂ ಹೊರಡಿಸಿದರು. ತುಂಬಿದ ಬಸುರಿ ಹೆಂಡತಿಯನ್ನು ಕರೆದುಕೊಂಡು ಅವನು ಹೊರಟ. ಒಂದು ಹೆಸರಿಗಾಗಿ ಸರ್ಕಾರ ಅಷ್ಟು ದೂರ ನಡೆಸುತ್ತದೆಂಬುದನ್ನು ನಮ್ಮ ಜನಕ್ಕೆ ವಿವರಿಸಬೇಕಾಗಲಿಲ್ಲ. ಸವರಿಯಪ್ಪ ಬಡಗಿಯಾಗಿ ಬಾಗಿಲು ತಟ್ಟಿದ, ಮನೆಯವನಾಗಿ ಜಾಗ ಇಲ್ಲವೆಂದ, ಮತ್ತೆ ಬಡಗಿಯಾಗಿ ಮುಂದಿನ ಬಾಗಿಲಿಗೆ ಹೋದ. ಮೂರನೆಯ ಬಾಗಿಲು ಮುಚ್ಚುವ ಹೊತ್ತಿಗೆ ಹೆಂಗಸರ ಸಾಲಿನಲ್ಲಿ ಪಿಸುಮಾತು ನಿಂತಿತ್ತು. ಕೊನೆಗೆ ದನದ ಕೊಟ್ಟಿಗೆಯಲ್ಲಿ ಮಗು ಹುಟ್ಟಿತೆಂದಾಗ ಮುಂದೆ ಕೂತಿದ್ದ ಒಬ್ಬ ಮುದುಕಿಗೆ ತಡೆಯಲಾಗಲಿಲ್ಲ.

“ಆ ಊರಲ್ ಒಬ್ಳು ಸೂಲಗಿತ್ತೀನೂ ಇರ್ನಿಲ್ವಾ?”

ಅದು ಸವರಿಯಪ್ಪನ ಕತೆಯಲ್ಲಿ ಇರಲಿಲ್ಲ. ತಲೆ ತುರಿಸಿಕೊಂಡು ಔಷಧಾಲಯದ ಬಾಗಿಲ ಕಡೆ ತಿರುಗಿದ. ಸಿಸ್ಟರುಗಳಿಬ್ಬರೂ ಅಲ್ಲಿ ನಿಂತು ಕೇಳುತ್ತಿದ್ದರು.

“ಆ ಊರಲ್ ಇದ್ಳೋ ಇಲ್ವೋ ಬರ್ದಿಲ್ಲ ಕಣವ್ವಾ. ನಮ್ಮೂರಲ್ ಇಬ್ರವ್ರೆ. ಅಗೋ, ಅಲ್ ನಿಂತವ್ರೆ” ಎಂದ.

ಮುನ್ನೂರು ತಲೆಗಳು ಒಟ್ಟಿಗೆ ಆ ಕಡೆ ತಿರುಗಿದವು. ಸಿಸ್ಟರುಗಳು ನಾಚಿಕೊಂಡು ಒಳಗೆ ಹೋದರು. ಕತೆ ಮುಗಿದ ಮೇಲೆ ಆ ಮುದುಕಿ ಕೋಲೂರಿಕೊಂಡು ಔಷಧಾಲಯದ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿದೆ. ಅವಳ ಸೊಸೆಗೆ ಏಳು ತಿಂಗಳಂತೆ. ಅವಳ ಹಿಂದೆ ಇನ್ನಿಬ್ಬರು ಹೋದರು. ಯಾರ ತಲೆಯ ಮೇಲೂ ನೀರು ಬೀಳಲಿಲ್ಲ. ಮಾಘಮಾಸದಲ್ಲಿ ಆ ಸೊಸೆಗೆ ಅಲ್ಲೇ ಗಂಡುಮಗುವಾಯಿತೆಂದೂ, ಅದಕ್ಕೆ ಮಾದೇವನೆಂದು ಹೆಸರಿಟ್ಟರೆಂದೂ ಫಾದರ್ ಹೇಳಿ ಕಳುಹಿಸಿದರು.

ನಾನು ಸುಮ್ಮನಿರಬೇಕಾಗಿತ್ತು. ಇರಲಿಲ್ಲ. ಇಡೀ ವರ್ಷ ಕೊಳ್ಳೇಗಾಲದ ಪೇಟೆಯಲ್ಲಿ, ಬರಿಯ ಮೂರು ಸಾಲು ಬರೆದು ಮುನ್ನೂರು ಜನರನ್ನು ಕರೆಸಿದವನೆಂದು ನನ್ನ ಬಗ್ಗೆ ನಾನೇ ಹೇಳಿಕೊಂಡು ತಿರುಗಿದೆ. ಹೊಗೆಸೊಪ್ಪಿನ ವಿಷಯ ಬಿಟ್ಟುಬಿಡುತ್ತಿದ್ದೆ. ಮತ್ತೆ ಡಿಸೆಂಬರು ಬಂದಾಗ ಫಾದರ್ ಬರುತ್ತಾರೆಂದು ಕಾದೆ, ಬರಲಿಲ್ಲ. ಈ ಸಲ ಕರಪತ್ರವೇ ಇಲ್ಲ, ಸವರಿಯಪ್ಪನೇ ಊರೂರಿಗೆ ಹೋಗಿ ಹೇಳುತ್ತಾನೆಂದು ಸುಬ್ಬಣ್ಣನಿಂದ ತಿಳಿಯಿತು. ಬಾಯಿಮಾತಿಗೆ ಯಾರೂ ಬರುವುದಿಲ್ಲ, ಬರೆದದ್ದಕ್ಕಿರುವ ತೂಕವೇ ಬೇರೆ ಎಂದು ನಾನು ಗೌರಮ್ಮನ ಮುಂದೆ ಮೂರು ದಿನ ಭಾಷಣ ಮಾಡಿದೆ.

ನಾಲ್ಕನೆಯ ದಿನ ಸವರಿಯಪ್ಪ ನಮ್ಮ ಬೀದಿಗೇ ಬಂದ. ನಾನು ಕೋಪದಿಂದ ಹೊರಗೆ ಹೋಗದೆ ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡೆ. ಇಬ್ಬರು ಮಕ್ಕಳ ತಂದೆಯೊಬ್ಬನ ಕತೆ. ಚಿಕ್ಕವನು ಪಾಲು ತೆಗೆದುಕೊಂಡು ದೇಶಾಂತರ ಹೋಗಿ, ಎಲ್ಲವನ್ನೂ ಹಾಳುಮಾಡಿ, ಹಂದಿ ಕಾಯುವ ಸ್ಥಿತಿಗೆ ಬಂದು, ಹೊಟ್ಟೆಗಿಲ್ಲದೆ ಅಪ್ಪನ ಮನೆಯ ಕಡೆ ಹೊರಟ. ಅಪ್ಪ ಜಗುಲಿಯ ಮೇಲಿಂದಲೇ ಮಗನನ್ನು ಕಂಡ. “ಕಂಡು ಏನ್ ಮಾಡ್ದ? ದೊಣ್ಣೆ ತಕಂಡ್ನಾ, ಒಳೀಕ್ ಓಗಿ ಅಗಣಿ ಆಕ್ಕಂಡ್ನಾ? ಬಾನ್ವಾರ ಬನ್ನಿ, ಯೇಳ್ತೀನಿ” ಎಂದು ಹೇಳಿ ಸವರಿಯಪ್ಪ ಟವಲು ಕೊಡವಿ ಮುಂದಿನ ಬೀದಿಗೆ ಹೊರಟುಹೋದ.

ಅಂದಿನಿಂದ ನಮ್ಮ ಬೀದಿಯಲ್ಲಿ ಬೇರೆ ಮಾತಿಲ್ಲ. ಒಂದು ಸಲ ಪಾಲಾದ ಮೇಲೆ ಮತ್ತೆ ಹಕ್ಕಿಲ್ಲವೆಂದರು ಕೆಲವರು. ಅಪ್ಪ ಒಳಗೆ ಸೇರಿಸುತ್ತಾನೆಂದು ಗೌರಮ್ಮ, ಸೇರಿಸಬಾರದೆಂದು ನಾನು. ಆ ವಾರ ನಮ್ಮ ಮನೆಯ ಸಾರಿಗೆ ಉಪ್ಪು ಬಿದ್ದದ್ದೂ ಅನುಮಾನ. ಭಾನುವಾರ ಬೆಳಿಗ್ಗೆ ನಾನು ಯಳಂದೂರಿನಲ್ಲಿ ಮೇಷ್ಟ್ರುಗಳ ಸಭೆಯಿದೆಯೆಂದು ಹೇಳಿ ಕೊಡೆ ಹಿಡಿದು ಹೊರಟೆ. ಒಳ್ಳೆಯದೇ ಆಯಿತು, ತಾನೂ ಮಾಂಬಳ್ಳಿಯ ಅಕ್ಕನನ್ನು ನೋಡಿ ಎಷ್ಟೋ ದಿನವಾಯಿತು, ಹೋಗಿ ಬರುತ್ತೇನೆಂದು ಅವಳು ಹೇಳಿದಳು. ನಾನು ಸುತ್ತುದಾರಿಯಲ್ಲಿ ಹೋಗಿ ಹನೂರಿನ ಬಸ್ಸು ಹಿಡಿದೆ.

ಬಯಲು ಕಿಕ್ಕಿರಿದಿತ್ತು. ಹಿಂದೆ ನಿಂತರೆ ಕೇಳಿಸುವುದಿಲ್ಲವೆಂದು ಜನರನ್ನು ಸರಿಸಿಕೊಂಡು ಗಂಡಸರ ಮುಂದಿನ ಸಾಲಿಗೆ ಹೋಗಿ, ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸವರಿಯಪ್ಪ ಟವಲು ಬಿಗಿಯುತ್ತಿದ್ದ. ಪಕ್ಕಕ್ಕೆ ನೋಡಿದರೆ, ಮೂರು ಮಾರಿನಾಚೆ, ಹೆಂಗಸರ ಮುಂದಿನ ಸಾಲಿನಲ್ಲಿ, ನಮ್ಮ ಮನೆಯ ಚಾಪೆಯ ಮೇಲೆ ಗೌರಮ್ಮ ಕೂತಿದ್ದಳು. ಅವಳೂ ನನ್ನನ್ನು ನೋಡಿದಳು. ಆದರೆ ನಾನು ಯಳಂದೂರಿನಲ್ಲಿದ್ದೆ, ಅವಳು ಮಾಂಬಳ್ಳಿಯಲ್ಲಿದ್ದಳು. ಅಷ್ಟು ದೂರದಿಂದ ಒಬ್ಬರನ್ನೊಬ್ಬರು ಮಾತಾಡಿಸುವುದು ಹೇಗೆ? ಇಬ್ಬರೂ ಸವರಿಯಪ್ಪನ ಕಡೆ ತಿರುಗಿಕೊಂಡೆವು.