ಮುಂಬಯಿಯಲ್ಲಿ ನಾನು ‘ಗೆಟ್’ ಕಲಿತದ್ದು

ಇಂಗ್ಲಿಷು ನನಗೆ ಒಮ್ಮೆ ಕೈಕೊಟ್ಟು ಸುಮ್ಮನಾಗಲಿಲ್ಲ. ಮುಂಬಯಿಯಲ್ಲಿ ಇದ್ದಷ್ಟು ಕಾಲ ಕೈಕೊಡುತ್ತಲೇ ಬಂತು. ಬಿಜಾಪುರದ ಕಡೆಯ ನಮ್ಮೂರ ಸಾಲೆಯಲ್ಲಿ ಮಾಸ್ತರರು, “ಗೆಟ್ ಅಂದ್ರ ಪಡಿ, ಇಲ್ಲಾ ತಗೊಂಡು ಬಾ. ಮುಗೀತು” ಅಂದಿದ್ದರು. ಆ ಎರಡು ಅರ್ಥ ನಂಬಿಕೊಂಡು, ಎಪ್ಪತ್ತರ ಆಸುಪಾಸಿನಲ್ಲಿ, ಫೋರ್ಟ್ ಭಾಗದ ಒಂದು ಯಂತ್ರಸಾಮಾನಿನ ಕಂಪನಿಗೆ ಗುಮಾಸ್ತನಾಗಿ ಸೇರಿದೆ. ಗ್ರಾಂಟ್ ರೋಡಿನ ಚಾಳಿನಲ್ಲಿ ಒಂದು ಖೋಲಿ, ಒಂದು ಚಾಪೆ, ನಾನೊಬ್ಬ. ಇಡೀ ದಿನ ಮಾತಿಗೆ ಯಾರೂ ಸಿಗದವನಿಗೆ ಯಾರಾದರೂ ಒಂದು ಮಾತಾಡಿದರೆ ಅದನ್ನು ಬಿಡದೆ ಅರ್ಥ ಮಾಡಿಕೊಳ್ಳುವ ಹಟ ಬರುತ್ತದೆ. ನನ್ನ ಫಜೀತಿಗಳಿಗೆಲ್ಲ ಅದೇ ಮೂಲ.

ಸಾಹೇಬರ ಚಹಾ

ನಮ್ಮ ಸೆಕ್ಷನ್ನಿನ ಸಾಹೇಬರು ಪಾರ್ಸಿ ಜನ. ಮೊದಲ ದಿನ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಮಾಲು ಹೇಗೆ ಕಳಿಸಬೇಕು, ಯಾವ ಕಾಗದ ಎಲ್ಲಿಗೆ ಹೋಗಬೇಕು ಎಂದು ಇಂಗ್ಲಿಷಿನಲ್ಲಿ ಉದ್ದಕ್ಕೂ ಹೇಳಿ, ಕೊನೆಗೆ “ಯೂ ಗೆಟ್ ಮೀ?” ಅಂದರು.

‘ಗೆಟ್ ಮೀ’ ಅಂದರೆ ನನಗೆ ತಂದುಕೊಡು. ಏನು ತರಬೇಕು? ಅದನ್ನು ಹೇಳಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಷ್ಟು ಹೊತ್ತು ಮಾತಾಡಿದವರ ಗಂಟಲು ಒಣಗಿರಬೇಕೆಂದು ಓಡಿಹೋಗಿ ಚಹಾ ತಂದೆ. ಕುಡಿದರು. ಮತ್ತೊಂದು ಕೆಲಸ ವಿವರಿಸಿ ಮತ್ತೆ “ಯೂ ಗೆಟ್ ಮೀ?” ಅಂದರು. ಮತ್ತೆ ಚಹಾ ತಂದೆ. ಸಂಜೆಯ ಹೊತ್ತಿಗೆ ಅವರ ಮೇಜಿನ ಮೇಲೆ ಫೈಲಿಗಿಂತ ಚಹಾದ ಕಪ್ಪುಗಳೇ ಹೆಚ್ಚಾಗಿದ್ದವು.

“ಅರೆ ಬೇಟಾ, ಇವತ್ತು ಯಾರ ಹುಟ್ಟುಹಬ್ಬ?” ಎಂದು ಹಿಂದಿಯಲ್ಲಿ ಕೇಳಿದರು.

“ನೀವೇ ತಾ ಅಂದ್ರಲ್ಲ ಸಾರ್?”

ಸಾಹೇಬರು ತಲೆ ಹಿಡಿದುಕೊಂಡು, “ನಾನು ಹೇಳಿದ್ದು ತಿಳಿಯಿತೇ ಅಂತ ಕೇಳಿದ್ದಪ್ಪಾ ಅದು. ಈಗ ಹೇಳು, ತಿಳಿಯಿತೇ?” ಅಂದರು.

ದಿನವಿಡೀ ನನ್ನ ಜೀವವೆಲ್ಲ ಚಹಾದಲ್ಲೇ ಇತ್ತು. “ಇಲ್ಲ ಸಾರ್” ಅಂದೆ.

ಅವರು ಉಸಿರುಬಿಟ್ಟು ಹೇಳಿದರು: “ಹಾಗಾದರೆ ಇನ್ನೊಂದು ಚಹಾ ತಾ. ಮೊದಲಿನಿಂದ ಶುರು ಮಾಡೋಣ.”

ಹಳೇ ಸಾಮಾನು

ಆಫೀಸಿನಲ್ಲಿ ನನ್ನನ್ನು “ಊಟ ಆಯ್ತಾ” ಎಂದು ಕೇಳುತ್ತಿದ್ದವರು ಗೋವೆಯ ಟೈಪಿಸ್ಟ್ ಬಾಯಿ ಒಬ್ಬರೇ. ಖೋಲಿಯಲ್ಲಿ ಒಬ್ಬನಿಗೇ ನಿದ್ದೆ ಬರುವುದಿಲ್ಲ, ಊರಿನಲ್ಲಾದರೆ ಪಡಸಾಲೆ ತುಂಬ ಮಂದಿ ಮಲಗಿರುತ್ತಿದ್ದರು ಎಂದು ಒಮ್ಮೆ ಅವರ ಮುಂದೆ ತೋಡಿಕೊಂಡೆ. ಅವರು ಮರುಕದಿಂದ, “ಯೂ ವಿಲ್ ಗೆಟ್ ಯೂಸ್ಡ್ ಟು ಇಟ್” ಅಂದರು.

ರೂಢಿಯಾಗುತ್ತದೆ ಎಂದು ಅವರ ಅರ್ಥ. ಆದರೆ ‘ಯೂಸ್ಡ್’ ಎಂಬ ಬೋರ್ಡು ನಾನು ನೋಡಿದ್ದು ಹಳೇ ಸಾಮಾನಿನ ಅಂಗಡಿಗಳ ಮೇಲೆ. ಬಳಸಿದ ಮಾಲು ಸಿಗುತ್ತದೆ, ತಗೋ ಅನ್ನುತ್ತಿದ್ದಾರೆ ಎಂದುಕೊಂಡು, ರವಿವಾರ ಬಜಾರೆಲ್ಲ ತಿರುಗಿ ಒಂದು ಹಳೇ ರೇಡಿಯೋ ಹೊತ್ತು ತಂದೆ. ಧಾರವಾಡ ಸ್ಟೇಶನ್ನು ಹಿಡಿಯಬಹುದೆಂದು ಅದರ ಕಿವಿ ತಿರುವಿದೆ. ಧಾರವಾಡವೂ ಬರಲಿಲ್ಲ, ಮುಂಬಯಿಯೂ ಬರಲಿಲ್ಲ. ಬರೀ ಕರಕರ ಖರ್ ಅಂದಿತು.

ಸೋಮವಾರ ಬಾಯಿಗೆ ಥ್ಯಾಂಕ್ಸ್ ಹೇಳಿದೆ. ಸಂಗತಿ ತಿಳಿದು ಅವರಿಗೆ ನಗು ತಡೆಯಲಾಗಲಿಲ್ಲ. “ಕೆಟ್ಟ ರೇಡಿಯೋ ಇಟ್ಟುಕೊಂಡು ಏನು ಮಾಡ್ತೀಯೋ?” ಅಂದರು.

“ಛಲೋ ಐತ್ರಿ ಬಾಯಿ. ಪಕ್ಕದಾಗ ಯಾರೋ ಮುದುಕರು ಕೆಮ್ಮಿಕೋತ ಮಲಗ್ಯಾರ ಅನ್ನಿಸಿ, ಗಡದ್ ನಿದ್ದಿ ಬಂತು.”

ದಾದರಿನಲ್ಲಿ ಇಳಿದದ್ದು

ಒಂದು ರವಿವಾರ ಅಂಧೇರಿಯಲ್ಲಿದ್ದ ನಮ್ಮೂರ ಕಡೆಯವರೊಬ್ಬರನ್ನು ನೋಡಲು ಲೋಕಲ್ ಹತ್ತಿದ್ದೆ. ಕಾಲಿಡಲು ಜಾಗವಿಲ್ಲ. ಹಿಂದೆ ನಿಂತಿದ್ದ ಕೋಟಿನ ಹಿರಿಯರೊಬ್ಬರು ನನ್ನ ಹೆಗಲು ಮುಟ್ಟಿ, “ಗೆಟಿಂಗ್ ಡೌನ್ ಅಟ್ ದಾದರ್?” ಎಂದು ಕೇಳಿದರು.

ಈ ಊರಿಗೆ ಬಂದಾಗಿನಿಂದ ಅಪರಿಚಿತರೊಬ್ಬರು ನೀನು ಎಲ್ಲಿಗೆ ಹೊರಟೆ ಎಂದು ಕೇಳಿದ್ದು ಅದೇ ಮೊದಲು. ಎದೆ ತುಂಬಿ ಬಂತು. ದಾದರ್ ಅಲ್ಲ, ಅಂಧೇರಿಗೆ. ಅಲ್ಲಿರುವವರು ನಮ್ಮ ಸೋದರಮಾವನಿಗೆ ಬೀಗರಾಗಬೇಕು. ಅವರ ಮನೆಯಲ್ಲಿ ಜೋಳದ ರೊಟ್ಟಿ ಸಿಗುತ್ತದೆ ಎಂದು ಹರಕು ಇಂಗ್ಲಿಷು, ಹರಕು ಹಿಂದಿ ಕೂಡಿಸಿ ಹೇಳತೊಡಗಿದೆ. ಪಾಪ, ಆ ಹಿರಿಯರಿಗೆ ಬೇಕಾಗಿದ್ದದ್ದು ಬಾಗಿಲಿಗೆ ದಾರಿ. ನಾನು ರೊಟ್ಟಿಯ ಜೊತೆಯ ಪಲ್ಯಕ್ಕೆ ಬರುವಷ್ಟರಲ್ಲಿ ದಾದರ್ ಬಂತು. ಹಿಂದಿನ ಮಂದಿಯೆಲ್ಲ ಒಮ್ಮೆಗೇ ನುಗ್ಗಿ ನಮ್ಮಿಬ್ಬರನ್ನೂ ಪ್ಲಾಟ್‌ಫಾರ್ಮಿನ ಮೇಲೆ ಒಗೆದರು. ಗಾಡಿ ಹೊರಟುಹೋಯಿತು.

ಹಿರಿಯರು ಕೋಟು ಸರಿಮಾಡಿಕೊಂಡು, “ಇಲ್ಲಿ ಇಳಿಯೋದಿಲ್ಲ ಅಂದಿದ್ದೆಯಲ್ಲ?” ಅಂದರು.

“ನಾನು ಇಳೀಲಿಲ್ರಿ, ಇಳಿಸಿದರು.”

ಅವರು ನಕ್ಕು, ಮುಂದಿನ ಗಾಡಿ ಬರುವತನಕ ನನ್ನ ಜೊತೆಗೇ ನಿಂತರು. ಗಾಡಿ ಬಂದಾಗ ನನ್ನನ್ನು ಒಳಗೆ ದಬ್ಬಿ, ಕಿವಿಯಲ್ಲಿ ಹೇಳಿದರು: “ಮತ್ತೆ ಯಾರಾದರೂ ಕೇಳಿದರೆ ಹೌದು ಇಲ್ಲ ಅನ್ನು ಸಾಕು. ಪಲ್ಯದ ಸುದ್ದಿ ತೆಗೀಬೇಡ.”

ಬಾವಿ

ಚಾಳಿನಲ್ಲಿ ನನ್ನ ಪಕ್ಕದ ಖೋಲಿಗೆ ಬಾಗಲಕೋಟೆ ಕಡೆಯ, ಗೋಡೆಗೆ ಗಾರೆ ಬಳಿಯುವ ಗಿಲಾವು ಮಿಸ್ತ್ರಿಯೊಬ್ಬರು ಬಂದರು. ಪವಾಯಿಯಲ್ಲಿ ಕಟ್ಟಡದ ಕೆಲಸ. ನಾನು ಕಾಕಾ ಅನ್ನುತ್ತಿದ್ದೆ, ಅವರು ತಮ್ಮಾ ಅನ್ನುತ್ತಿದ್ದರು. ಒಂದು ಮಳೆಗಾಲ ನನಗೆ ಜ್ವರ ಹತ್ತಿ ಮಲಗಿಬಿಟ್ಟೆ. ಆಫೀಸಿನವರು ಪ್ಯೂನ್ ಕೈಯಲ್ಲಿ ಒಂದು ಹೂವಿನ ಕಾರ್ಡು ಕಳಿಸಿದರು. ಅದರ ಮೇಲೆ ‘ಗೆಟ್ ವೆಲ್ ಸೂನ್’ ಎಂದು ಅಚ್ಚಾಗಿತ್ತು.

ಕಾಕಾ ಚಿಕ್ಕಂದಿನಲ್ಲಿ ಒಂದಿಷ್ಟು ಇಂಗ್ಲಿಷು ಕಲಿತವರು. ಕಾರ್ಡನ್ನು ಬೆಳಕಿಗೆ ಹಿಡಿದು ಒಂದೊಂದೇ ಶಬ್ದ ಬಿಡಿಸಿದರು. “ಗೆಟ್ ಅಂದ್ರ ಪಡಿ. ವೆಲ್ ಅಂದ್ರ ಬಾವಿ. ಸೂನ್ ಅಂದ್ರ ಲಗೂನ.” ಮುಖ ಕೆಂಪಗಾಯಿತು. “ತಮ್ಮಾ, ಎಂಥಾ ಆಫೀಸೋ ನಿಂದು? ಜ್ವರ ಬಂದ ಮನಶ್ಯಾಗ ಬಾವಿ ಬೀಳು ಅಂತ ಬರದಾರ! ಒಬ್ಬರಲ್ಲ ಇಬ್ಬರಲ್ಲ, ಎಲ್ಲಾರೂ ಕೂಡಿ ಸಹಿ ಮಾಡ್ಯಾರ!”

ನಾನು ಜ್ವರದ ಮಬ್ಬಿನಲ್ಲಿದ್ದೆ. ಕಾಕಾ ಮರುದಿನ ಕೆಲಸಕ್ಕೆ ಹೋಗಲಿಲ್ಲ. ನಾನು ಮನಸ್ಸಿಗೆ ಹಚ್ಚಿಕೊಂಡು ಏನಾದರೂ ಮಾಡಿಕೊಂಡೇನು ಎಂದು ಗಂಜಿ ಕಾಸಿ ಕುಡಿಸಿ, ಹೊಸ್ತಿಲಿಗೆ ಅಡ್ಡ ಕೂತುಬಿಟ್ಟರು. ಊರು ಬಿಟ್ಟ ಮೇಲೆ ನನಗಾಗಿ ಬಾಗಿಲು ಕಾದವರು ಅವರೊಬ್ಬರೇ.

ಜ್ವರ ಇಳಿದ ಮೇಲೆ ಕೇಳಿದೆ: “ಕಾಕಾ, ಬೀಳಬೇಕಂದ್ರೂ ಈ ಗ್ರಾಂಟ್ ರೋಡಿನಾಗ ಬಾವಿ ಎಲ್ಲೈತ್ರಿ?”

“ಅದು ಅವರಿಗೂ ಗೊತ್ತೈತಿ. ಅದಕ್ಕ ಮೊದಲ ಒಂದು ಬಾವಿ ಹುಡುಕ್ಕೋ ಅಂದಾರ. ‘ಗೆಟ್’ ಅಂತ ಐತಿ, ನೋಡಲ್ಲೆ!”

ಹೋಗಿ ಬರ್ರಿ

ಕೆಲವು ವರ್ಷದ ಮೇಲೆ ಮದುವೆಯಾಗಿ ದಹಿಸರ್‌ನಲ್ಲಿ ಬಾಡಿಗೆಗೆ ಮನೆ ಹಿಡಿದೆ. ಹೆಂಡತಿ ಗದಗಿನ ಕಡೆಯವಳು. ಕನ್ನಡ ಬಿಟ್ಟು ಬೇರೆ ಬಾರದು. ನಾನು ಬೆಳಿಗ್ಗೆ ಹೋದರೆ ದೀಪ ಹಚ್ಚುವಾಗ ಬರುವವನು. “ದಿನಾ ಗ್ವಾಡಿ ಜೋಡಿ ಮಾತಾಡತೀನಿ. ಗ್ವಾಡಿಗೂ ಬ್ಯಾಸರಾಗೇತಿ” ಅನ್ನುತ್ತಿದ್ದಳು. ಕಡೆಗೆ ಪಕ್ಕದ ಮನೆಯ ಕ್ರಿಶ್ಚಿಯನ್ ಆಂಟಿಯ ಜೊತೆ ಸ್ನೇಹವಾಯಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಆದರೂ ಮಧ್ಯಾಹ್ನವೆಲ್ಲ ಕೂತು ಅಕ್ಕಿ ಆರಿಸುತ್ತಿದ್ದರು. ಪೌಡರು, ಬಾಚಣಿಗೆ ಮಾರುವವರು ಬಾಗಿಲಿಗೆ ಬಂದರೆ ಆಂಟಿ ಕೂತಲ್ಲಿಂದಲೇ “ಗೆಟ್ ಲಾಸ್ಟ್!” ಅನ್ನುತ್ತಿದ್ದರು. ಹಾಗೆ ಅಂದಾಗಲೆಲ್ಲ ಬಂದವರು ಹೊರಡುತ್ತಿದ್ದರು. ನಮ್ಮಲ್ಲಿ ‘ಹೋಗಿ ಬರ್ರಿ’ ಅನ್ನುವ ಹಾಗೆ ಅವರಲ್ಲಿ ಹೀಗೆ ಎಂದು ನನ್ನವಳು ಕಲಿತಿಟ್ಟುಕೊಂಡಳು.

ಅಷ್ಟರಲ್ಲಿ ನಮ್ಮ ಸಾಹೇಬರ ಹೆಂಡತಿ ತೀರಿಕೊಂಡಿದ್ದರು. ಆಫೀಸಿನಲ್ಲಿ ಸಾಹೇಬರ ಮಾತೇ ಕಡಿಮೆಯಾಗಿತ್ತು. ಒಂದು ರವಿವಾರ ಊಟಕ್ಕೆ ಕರೆದೆ. ಬಂದರು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಉಂಡರು. ಹೊರಡುವಾಗ ನನ್ನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು, ಕೈಮುಗಿದು, ನಗುಮುಖದಿಂದ ಹೇಳಿದಳು: “ಗೆಟ್ ಲಾಸ್ಟ್, ಸಾರ್.”

ಸಾಹೇಬರು ನಿಂತಲ್ಲೇ ನಿಂತರು. ಕೇಳಿಸಲಿಲ್ಲವೇನೋ ಎಂದು ಅವಳು ಇನ್ನಷ್ಟು ಬಾಗಿ, “ಗೆಟ್ ಲಾಸ್ಟ್ ರೀ ಸಾರ್, ಗೆಟ್ ಲಾಸ್ಟ್ ರೀ” ಅಂದಳು.

ಸಾಹೇಬರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದರು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನನ್ನವಳು ದಿನಾ ಆಫೀಸಿಗೆ ಹೊರಟಾಗ ನನಗೆ ಇದನ್ನೇ ಅಂತಿದ್ದಳು. ಅವಳು ಹೋದ ಮೇಲೆ ನನಗೆ ಹೀಗೆ ಯಾರೂ ಅಂದಿರಲಿಲ್ಲ” ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಅದು ‘ತೊಲಗಾಚೆ’ ಅಂದಂತೆ ಎಂದು ಅರ್ಥ ಹೇಳಿದಾಗ ನನ್ನ ಹೆಂಡತಿ ಅಳುತ್ತ ಕೂತಳು. “ಇನ್ನ ಮುಂದ ಅವರ ಮುಂದ ಬಾಯಿ ಬಿಚ್ಚೂದಿಲ್ಲ” ಅಂದಳು.

ಮುಂದಿನ ರವಿವಾರ ಕರೆಯದೆಯೇ ಸಾಹೇಬರು ಒಂದು ಬಿಸ್ಕೀಟಿನ ಡಬ್ಬಿ ಹಿಡಿದು ಬಂದರು. ಅವಳು ತುಟಿ ಬಿಚ್ಚದೆ ಬಡಿಸಿದಳು. ಉಂಡಾಯಿತು, ಬೂಟು ಹಾಕಿಕೊಂಡಾಯಿತು. ಆದರೂ ಸಾಹೇಬರು ಬಾಗಿಲು ಬಿಟ್ಟು ಕದಲಲೊಲ್ಲರು. ನಾನು ಕಣ್ಸನ್ನೆ ಮಾಡಿದೆ. ಅವಳು ಕದದ ಮರೆಯಿಂದ ಮೆಲ್ಲಗೆ, “ಹೋಗಿ ಬರ್ರಿ” ಅಂದಳು.

ಸಾಹೇಬರು ಸಣ್ಣ ಹುಡುಗನಂತೆ ತಲೆ ಅಲ್ಲಾಡಿಸಿದರು. “ಅದಲ್ಲ ಬೇಟಿ. ಇಷ್ಟು ದೂರ ಲೋಕಲ್‌ನಲ್ಲಿ ನಿಂತುಕೊಂಡು ಬಂದಿದ್ದೇನೆ. ಸರಿಯಾಗಿ ಬೈದು ಕಳಿಸು.”